ತಿರುವಿನ ದೀಪಕ್ಕೇಕೆ ಈ ಅವಸರ?

ಮೋಟಾರು ಕಾರು ಎಡಕ್ಕಾಗಲಿ ಬಲಕ್ಕಾಗಲಿ ತಿರುಗುವ ಮುನ್ನ ಅದರ ಮೂಲೆಯಲ್ಲಿ ಕಿತ್ತಳೆ ಬಣ್ಣದ ದೀಪವೊಂದು ಹತ್ತಿ ಆರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಚಾಲಕನ ಇಂಗಿತವನ್ನು ಹಿಂದಿನವರಿಗೂ ಎದುರಿನವರಿಗೂ ತಿಳಿಸುವ ಮೂಕಭಾಷೆ ಅದು. ಆ ಭಾಷೆಗೊಂದು ಲಯವೂ ಉಂಟು. ದೀಪವು ನಿಮಿಷಕ್ಕೆ 60ಕ್ಕೆ ಕಡಿಮೆಯಿಲ್ಲದೆ, 120ಕ್ಕೆ ಮೀರದೆ ಮಿನುಗಬೇಕೆಂಬುದು ವಿಶ್ವಸಂಸ್ಥೆಯ ಆಶ್ರಯದಲ್ಲಿ ರಚಿತವಾದ ವಾಹನ ನಿಯಮಗಳ ಕಟ್ಟಳೆ. ಆದರೆ ಹಳೆಯ ಬಲ್ಬುಗಳನ್ನು ತೆಗೆದು ಎಲ್.ಇ.ಡಿ. ದೀಪಗಳನ್ನು ಹಾಕಿದೊಡನೆ ಎಷ್ಟೋ ಕಾರುಗಳಲ್ಲಿ ಈ ಲಯವು ಕೆಟ್ಟು, ದೀಪವು ಸುಮಾರು ಇಮ್ಮಡಿ ವೇಗದಿಂದ ಮಿಟುಕತೊಡಗುತ್ತದೆ. ಹೊಸ ದೀಪದಲ್ಲಿ ದೋಷವಿದೆಯೆ? ಇಲ್ಲ. ಹಾಗಾದರೆ ಇದರ ಮರ್ಮವೇನೆಂಬುದನ್ನು ವಿಚಾರಿಸೋಣ.

ದೀಪವನ್ನು ಹತ್ತಿಸಿ ಆರಿಸುವ ಕಾರ್ಯ ಫ್ಲ್ಯಾಷರ್ ಎಂಬ ಪುಟ್ಟ ಉಪಕರಣದ್ದು. ಹಿಂದಿನ ಕಾರುಗಳಲ್ಲಿ, ವಿದ್ಯುತ್ಪ್ರವಾಹದಿಂದ ಕಾದಾಗ ಬಾಗಿ, ತಣಿದಾಗ ನೆಟ್ಟಗಾಗುವ ದ್ವಿಲೋಹದ ಪಟ್ಟಿಯು ಇದನ್ನು ನೆರವೇರಿಸುತ್ತಿದ್ದಿತು. ಅನಂತರ ಬಂದ ಎಲೆಕ್ಟ್ರಾನಿಕ್ ಫ್ಲ್ಯಾಷರು ಇನ್ನೂ ಒಂದು ಹೊಣೆಯನ್ನು ಹೊತ್ತಿತು. ಅದು ದೀಪಗಳಿಗೆ ಹರಿಯುವ ಪ್ರವಾಹವನ್ನು ಗಮನಿಸುತ್ತಿರುತ್ತದೆ. ಬಲ್ಬೊಂದು ಸುಟ್ಟು ಪ್ರವಾಹವು ಕುಗ್ಗಿದರೆ ಬೇಕೆಂದೇ ವೇಗವನ್ನು ಹೆಚ್ಚಿಸುತ್ತದೆ. ಒಳಗೆ ಕುಳಿತ ಚಾಲಕನಿಗೆ ಹಿಂಬದಿಯ ದೀಪವು ಕಾಣುವುದಿಲ್ಲವಷ್ಟೆ. ಅವಸರದ ಈ ಟಿಕ್ ಟಿಕ್ ಶಬ್ದವೇ ಅವನಿಗೆ ಎಚ್ಚರಿಕೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. 21 ವಾಟಿನ ಬಲ್ಬು 12 ವೋಲ್ಟಿನಲ್ಲಿ 1.75 ಆಂಪಿಯರ್ ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಮುಂದೊಂದು ಹಿಂದೊಂದು ಸೇರಿದರೆ 3.5 ಆಂಪಿಯರ್, ಒಂದು ಸುಟ್ಟರೆ ಅದರ ಅರ್ಧ. ಬಲ್ಬಿನಲ್ಲಿ ಲೋಹದ ತಂತುವು ಕಾದು ಬೆಳಗುವುದರಿಂದ ಶಕ್ತಿಯ ಬಹುಭಾಗವು ಶಾಖವಾಗಿ ಹೋಗುತ್ತದೆ. ಎಲ್.ಇ.ಡಿ.ಯಲ್ಲಿ ಅರೆವಾಹಕದೊಳಗಿನ ಎಲೆಕ್ಟ್ರಾನುಗಳೇ ನೇರವಾಗಿ ಬೆಳಕನ್ನು ಹೊಮ್ಮಿಸುವುದರಿಂದ 3 ವಾಟಿನಷ್ಟೇ ಸಾಕೆನ್ನೋಣ. ಆಗ ಒಂದಕ್ಕೆ 0.25, ಎರಡಕ್ಕೂ ಸೇರಿ 0.5 ಆಂಪಿಯರ್. ಫ್ಲ್ಯಾಷರಿಗೆ ಬೆಳಕು ಕಾಣದು, ಪ್ರವಾಹವಷ್ಟೇ ತಿಳಿಯುವುದು. ಆದುದರಿಂದ ಚೆನ್ನಾಗಿ ಬೆಳಗುತ್ತಿರುವ ದೀಪಗಳನ್ನೂ ಅದು ಸುಟ್ಟವೆಂದೇ ಬಗೆಯುತ್ತದೆ.

ಇದಕ್ಕೆ ಎರಡು ಪರಿಹಾರಗಳುಂಟು. ಮೊದಲನೆಯದು, ಎಲ್.ಇ.ಡಿ.ಗೆ ಸಮಾಂತರವಾಗಿ ಒಂದು ರೋಧಕವನ್ನು ಜೋಡಿಸುವುದು. 6 ಓಮಿನ ರೋಧಕವು 12 ವೋಲ್ಟಿನಲ್ಲಿ 2 ಆಂಪಿಯರ್ ಎಳೆದು ಬಲ್ಬಿನ ಪಾತ್ರವನ್ನು ವಹಿಸುತ್ತದೆ. ಆದರೆ ದೀಪ ಹತ್ತಿದಾಗಲೆಲ್ಲ 24 ವಾಟ್ ಶಾಖವಾಗಿ ವ್ಯಯವಾಗುವುದು. ಎಂಜಿನ್ ಓಡುವಾಗ ವೋಲ್ಟೇಜು ಸುಮಾರು 14ಕ್ಕೆ ಏರುವುದರಿಂದ ಇನ್ನೂ ಹೆಚ್ಚು. ಎಲ್.ಇ.ಡಿ.ಯಿಂದಾದ ಉಳಿತಾಯವೆಲ್ಲ ಹೀಗೆ ನಷ್ಟವಾಗುತ್ತದೆ. ಕೈಸುಡುವಷ್ಟು ಕಾಯುವ ಈ ರೋಧಕವನ್ನು ಪ್ಲಾಸ್ಟಿಕ್ಕಿಗೂ ತಂತಿಗಳಿಗೂ ತಾಗದಂತೆ ಲೋಹದ ಭಾಗಕ್ಕೆ ಭದ್ರಪಡಿಸಬೇಕು.

ಎರಡನೆಯದು, ಫ್ಲ್ಯಾಷರನ್ನೇ ಬದಲಾಯಿಸಿ, ಪ್ರವಾಹವನ್ನು ಅವಲಂಬಿಸದೆ ಕಾಲವನ್ನೆಣಿಸುವ ಎಲ್.ಇ.ಡಿ. ಫ್ಲ್ಯಾಷರನ್ನು ಹಾಕುವುದು. ಇದರಲ್ಲಿ ಶಾಖದ ಕಾಟವಿಲ್ಲ. ಕಡ್ಡಿಗಳ ಜೋಡಣೆಯು ಹಳೆಯದಕ್ಕೆ ಹೊಂದುವುದೇ ಎಂದು ಮಾತ್ರ ನೋಡಿಕೊಳ್ಳಬೇಕು. ಹೊಸ ಕಾರುಗಳಲ್ಲಿ ಅನೇಕವಕ್ಕೆ ಪ್ರತ್ಯೇಕ ಫ್ಲ್ಯಾಷರೇ ಇಲ್ಲ; ಅದರ ಕೆಲಸವನ್ನು ಕಾರಿನ ಕಂಪ್ಯೂಟರೇ ಮಾಡುವುದರಿಂದ ಅಲ್ಲಿ ಈ ಉಪಾಯ ನಡೆಯದು.

ಲಯವೇನೋ ಸರಿಹೋಯಿತು. ಆದರೆ ನಾವು ಕಳೆದುಕೊಂಡುದೇನು? ಮುಂದೆ ಹಿಂದೆ ಎರಡು ಕಡೆಗೂ ರೋಧಕಗಳನ್ನು ಜೋಡಿಸಿದಾಗ ಒಟ್ಟು ಪ್ರವಾಹ 4.5 ಆಂಪಿಯರ್. ಒಂದು ಎಲ್.ಇ.ಡಿ. ನಂದಿದರೆ ಅದು 4.25ಕ್ಕೆ ಇಳಿಯುವುದಷ್ಟೆ, ಇಷ್ಟು ಅಲ್ಪ ವ್ಯತ್ಯಾಸಕ್ಕೆ ಫ್ಲ್ಯಾಷರು ಎಚ್ಚೆತ್ತುಕೊಳ್ಳದು. ಕಾಲವನ್ನಷ್ಟೇ ಎಣಿಸುವ ಫ್ಲ್ಯಾಷರಿಗಂತೂ ಸುಳಿವೇ ಸಿಗದು. ಹಿಂದಿನ ದೀಪವು ಕತ್ತಲಾಗಿದ್ದರೂ ಒಳಗೆ ಟಿಕ್ ಟಿಕ್ ಎಂದಿನಂತೆಯೇ ಕೇಳಿಸುವುದು. ಬೆನ್ನ ಹಿಂದೆ ಬರುವ ಸೈಕಲ್ ಸವಾರನಿಗೆ ಮಾತ್ರ ಕಾರು ತಿರುಗುವ ಸೂಚನೆ ದೊರೆಯದು. ತಯಾರಾಗುವಾಗಲೇ ಎಲ್.ಇ.ಡಿ. ಅಳವಡಿಸಿದ ಕಾರುಗಳಲ್ಲಿ ಅಲ್ಪ ಪ್ರವಾಹದ ಏರಿಳಿತವನ್ನು ಗುರುತಿಸುವ ಮಂಡಲವನ್ನು ರಚಿಸಿರುವುದು ಇದಕ್ಕಾಗಿಯೇ. ಹೊರಗಿನಿಂದ ತಂದು ಹಾಕಿಸಿಕೊಂಡವರು ವಾರಕ್ಕೊಮ್ಮೆಯಾದರೂ ದೀಪಗಳನ್ನು ಹತ್ತಿಸಿ, ಕಾರನ್ನು ಒಂದು ಸುತ್ತು ಬಂದು, ಉಪಕರಣವು ಬಿಟ್ಟ ಕೆಲಸವನ್ನು ತಮ್ಮ ಕಣ್ಣುಗಳಿಂದಲೇ ಮಾಡಬೇಕಾಗುತ್ತದೆ.