ನಮ್ಮ ಕರಿಯನನ್ನು ಕೊಂದ ವೈರಸ್ಸು

ನಮ್ಮ ಕರಿಯ ನಿಮಗೆಲ್ಲ ಗೊತ್ತು. ಲಾಂಗ್ ಬೆಲ್ ಹೊಡೆಯೋವರೆಗೂ ಶಾಲೆ ಗೇಟಿನ ಹತ್ರ ಕಾಯುತ್ತಿದ್ದ ನಾಯಿಮರಿ. ಹೋದ ತಿಂಗಳು ಎರಡು ದಿನ ವಾಂತಿ, ರಕ್ತಭೇದಿ ಆಗಿ ಸತ್ತುಹೋದ. ವಯಸ್ಸು ಮೂರು ತಿಂಗಳು. ಯಾರೋ ವಿಷ ಹಾಕಿದ್ದಾರೆ ಅಂತ ನಮ್ಮಜ್ಜಿ ಬೀದಿಯವರನ್ನೆಲ್ಲ ಬೈದರು. ದನದ ಡಾಕ್ಟರು, "ವಿಷ ಅಲ್ಲಜ್ಜಿ, ಇದು ಪಾರ್ವೋ ವೈರಸ್ಸು. ಕರುಳಿನ ಒಳಪದರವನ್ನೇ ಹಾಳುಮಾಡುತ್ತೆ" ಅಂದರು. ಕರುಳನ್ನೇ ಯಾಕೆ? ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದು, ನಾನು ಓದಿದ್ದು ಎರಡನ್ನೂ ಸೇರಿಸಿ ಬರೆದಿದ್ದೇನೆ.

ಈ ವೈರಸ್ಸು ನಾಯಿಗಳಲ್ಲಿ ಪತ್ತೆಯಾದದ್ದು 1978ರಲ್ಲಿ. ಅದರ ಡಿಎನ್‌ಎ ಒಂದೇ ಎಳೆ, ಸುಮಾರು 5,000 ಅಕ್ಷರ ಅಷ್ಟೆ. ನಾಯಿಯದು 200 ಕೋಟಿಗೂ ಹೆಚ್ಚು! ಇಷ್ಟು ಪುಟ್ಟ ಡಿಎನ್‌ಎ ಹೊತ್ತು ಬರುವ ವೈರಸ್ಸಿನ ಬಳಿ ನಕಲು ತೆಗೆಯುವ ಪಾಲಿಮರೇಸ್ ಎಂಬ ಕಿಣ್ವವೇ ಇಲ್ಲ. ನಾಯಿಯ ಜೀವಕೋಶದ್ದನ್ನೇ ಬಳಸಬೇಕು.

ಆದರೆ ಜೀವಕೋಶ ಯಾವಾಗಲೂ ಡಿಎನ್‌ಎ ನಕಲು ಮಾಡುತ್ತಾ ಕೂರುವುದಿಲ್ಲ. ಎರಡಾಗಿ ಒಡೆಯುವ ಮುಂಚೆ ಮಾತ್ರ ಮಾಡುತ್ತದೆ. ಅದಕ್ಕೆ ಎಸ್ ಹಂತ ಎನ್ನುತ್ತಾರೆ. ಉಳಿದ ಹೊತ್ತು ಆರ್‌ಬಿ ಎಂಬ ಪ್ರೋಟೀನು ಬಾಗಿಲು ಹಾಕಿಕೊಂಡಿರುತ್ತದೆ. ಬೆಳೆಯಬೇಕೆಂಬ ಸೂಚನೆ ಬಂದಾಗ ಸೈಕ್ಲಿನ್ ಎಂಬ ಪ್ರೋಟೀನುಗಳು ಹುಟ್ಟಿ, ಸಿಡಿಕೆ ಎಂಬ ಕಿಣ್ವದ ಜೊತೆ ಸೇರಿ ಆ ಬಾಗಿಲು ತೆಗೆಯುತ್ತವೆ. (ಸೈಕ್ಲಿನ್ನನ್ನು 1982ರಲ್ಲಿ ಟಿಮ್ ಹಂಟ್ ಕಂಡುಹಿಡಿದದ್ದು ಸಮುದ್ರದ ಒಂದು ಮುಳ್ಳುಮುಳ್ಳು ಪ್ರಾಣಿಯ ಮೊಟ್ಟೆಯಲ್ಲಿ! 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು.)

ನಮ್ಮೂರ ಹಿಟ್ಟಿನ ಮಿಲ್ಲು ನೆನಪು ಮಾಡಿಕೊಳ್ಳಿ. ಒಂದು ಸೇರು ರಾಗಿ ತಂದವನಿಗೋಸ್ಕರ ಯಾರೂ ಮೋಟರು ಹಾಕಲ್ಲ. ಅವನು ಮೂಲೇಲಿ ಕೂತು ಕಾಯಬೇಕು. ಬೇರೆಯವರ ಮೂಟೆಗೆ ಮೋಟರು ಶುರುವಾದಾಗ ತನ್ನದನ್ನೂ ಸುರೀತಾನೆ. ಪಾರ್ವೋ ಹಾಗೇ. ಸ್ವಿಚ್ಚು ಹಾಕುವ ಶಕ್ತಿ ಅದಕ್ಕಿಲ್ಲ, ಕೋಶ ತಾನಾಗಿ ಎಸ್ ಹಂತಕ್ಕೆ ಬರೋವರೆಗೂ ಕಾಯುತ್ತದೆ. ಆಗ ಸೈಕ್ಲಿನ್ ಎ ಸಿಗುತ್ತದೆ, ಒಂಟಿ ಎಳೆ ಜೋಡಿ ಎಳೆಯಾಗುತ್ತದೆ, ನಕಲು ಶುರು. ಆಮೇಲೆ ಕೋಶ ಒಡೆಯದಂತೆ ತಡೆದು, ಕೊನೆಗೆ ಮಿಲ್ಲನ್ನೇ ಮುರಿದು ಹೋಗುತ್ತದೆ.

ಈಗ ಕರುಳಿನ ವಿಷಯ ಅರ್ಥವಾಯಿತಲ್ಲ? ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತದೆ. ಅಲ್ಲಿ ಮೋಟರು ನಿಲ್ಲುವುದೇ ಇಲ್ಲ. ಮೂಳೆಯ ಮಜ್ಜೆಯಲ್ಲೂ ಅಷ್ಟೆ, ಅದಕ್ಕೇ ಬಿಳಿ ರಕ್ತಕಣ ಇಳಿದುಹೋಗುತ್ತವೆ. ನನಗೆ ಆಶ್ಚರ್ಯವಾದದ್ದು ಇದು: ಹುಟ್ಟಿದ ಮೊದಲ ಕೆಲವು ವಾರದಲ್ಲಿ ತಗುಲಿದರೆ ಮರಿಯ ಹೃದಯಕ್ಕೂ ಹೊಡೆತ ಬೀಳುತ್ತದೆ, ಯಾಕೆಂದರೆ ಆಗ ಹೃದಯದ ಕೋಶಗಳೂ ಒಡೆಯುತ್ತಿರುತ್ತವೆ. ದೊಡ್ಡ ನಾಯಿಯ ಹೃದಯದಲ್ಲಿ ಅದಕ್ಕೆ ಕೆಲಸವಿಲ್ಲ.

ಎಲ್ಲ ವೈರಸ್ಸೂ ಹೀಗೆ ಕಾಯುವುದಿಲ್ಲ. ನಮ್ಮ ಕೈಮೇಲೆ ನರುಲಿ ಎಬ್ಬಿಸುವ ವೈರಸ್ಸು ಇ7 ಎಂಬ ಪ್ರೋಟೀನು ಮಾಡಿ, ಆರ್‌ಬಿಯನ್ನೇ ಹಿಡಿದುಹಾಕಿ, ತಾನೇ ಸ್ವಿಚ್ಚು ಹಾಕಿಕೊಳ್ಳುತ್ತದೆ. ಅದಕ್ಕೇ ಚರ್ಮ ಗಂಟಾಗಿ ಬೆಳೆಯುವುದು.

ನಾಯಿಯ ಪಾರ್ವೋ ಮನುಷ್ಯರಿಗೆ ಬರಲ್ಲ, ಹೆದರಬೇಡಿ. ಆದರೆ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಸೋಪಿಗೆ ಜಗ್ಗಲ್ಲ. ಕರಿಯನ ಗೋಣಿಚೀಲ ಸುಟ್ಟು, ಜಗಲಿಗೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ತೊಳೆದಿದ್ದೇವೆ. ಮರಿಗೆ ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ, ಆಮೇಲೆ ಹದಿನಾರು ವಾರ ಆಗೋವರೆಗೆ ಮೂರು-ನಾಲ್ಕು ವಾರಕ್ಕೊಂದು ಹಾಕಿಸಬೇಕಂತೆ. ನಮಗೆ ಗೊತ್ತಿರಲಿಲ್ಲ. ಕೆಳಬೀದಿಯಲ್ಲಿ ಈಗ ಐದು ಮರಿಗಳಿಗೆ ಆರನೇ ವಾರ ನಡೀತಿದೆ. ಸೋಮವಾರ ಡಾಕ್ಟರ ಹತ್ರ ಒಯ್ಯುತ್ತೇನೆ. ಬುಟ್ಟಿ ಇದೆ, ಹೊರೋಕೆ ಇಬ್ಬರು ಬೇಕು.