ಕೆಂಪಾದ ಕಣ್ಣು, ಬೇರೆ ಬೇರೆ ಕಾರಣ

ಕಣ್ಣಿನ ಬಿಳಿಭಾಗವನ್ನೂ ರೆಪ್ಪೆಯ ಒಳಮೈಯನ್ನೂ ಹೊದ್ದಿರುವ ತೆಳ್ಳನೆಯ ಪೊರೆಗೆ ಕಂಜಂಕ್ಟೈವಾ ಎಂದು ಹೆಸರು. ಅದಕ್ಕೆ ಸೋಂಕು ತಗುಲುವುದೇ ಎಲ್ಲರಿಗೂ ಗೊತ್ತಿರುವ ಕಣ್ಣುಬೇನೆ; ‘ಮದ್ರಾಸ್ ಐ’ ಎಂದರೂ ಅದೇ. ಇದು ಹೆಚ್ಚಾಗಿ ಬರುವುದು ವೈರಸ್‌ನಿಂದ, ಅದರಲ್ಲೂ ಅಡಿನೋವೈರಸ್‌ನಿಂದ. 2023ರ ಮಳೆಗಾಲದಲ್ಲಿ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಕಣ್ಣುಬೇನೆ ಹಬ್ಬಿತ್ತು. ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಒಳಗೆ ಮರಳು ಬಿದ್ದಂತೆ ಚುಚ್ಚುತ್ತದೆ. ಒಂದೆರಡು ವಾರದಲ್ಲಿ ಸಾಮಾನ್ಯವಾಗಿ ತಾನಾಗಿ ವಾಸಿಯಾಗುತ್ತದೆ. ಆ್ಯಂಟಿಬಯೋಟಿಕ್ ಹನಿಗಳು ವೈರಸ್ಸನ್ನು ಕೊಲ್ಲುವುದಿಲ್ಲ.

ಬೇನೆ ಬಂದವರನ್ನು ನೋಡಿದರೆ ಸಾಕು, ಅದು ಅಂಟುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ನೋಟದಿಂದ ಯಾವ ರೋಗಾಣುವೂ ದಾಟುವುದಿಲ್ಲ. ಕಣ್ಣುಜ್ಜಿದ ಕೈ, ಒಂದೇ ಟವೆಲ್, ಒಂದೇ ದಿಂಬು, ಇವೇ ಅದರ ದಾರಿ. ಕಪ್ಪು ಕನ್ನಡಕ ಬೆಳಕಿನ ಕಿರಿಕಿರಿ ತಗ್ಗಿಸೀತು, ಸೋಂಕು ಹರಡುವುದನ್ನು ತಡೆಯಲಾರದು. ಸೋಪು ಹಚ್ಚಿ ಕೈ ತೊಳೆಯುವುದು ಅದಕ್ಕಿಂತ ಎಷ್ಟೋ ಮೇಲು.

ಬ್ಯಾಕ್ಟೀರಿಯಾದಿಂದ ಬಂದ ಬೇನೆಯಲ್ಲಿ ಹಳದಿ ಕೀವು ಕಟ್ಟಿ, ಬೆಳಿಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರುತ್ತವೆ. ಇಲ್ಲಿ ಆ್ಯಂಟಿಬಯೋಟಿಕ್ ಕೆಲಸಕ್ಕೆ ಬರುತ್ತದೆ. ನವಜಾತ ಶಿಶುವಿನ ಕಣ್ಣಲ್ಲಿ ಕೀವು ಕಂಡರಂತೂ ಒಂದು ದಿನವೂ ಕಾಯಬಾರದು. ಹೆರಿಗೆಯ ವೇಳೆ ತಾಯಿಯಿಂದ ಗೊನೊಕಾಕಸ್ ದಾಟಿದ್ದರೆ ಅದು ಬಲುಬೇಗ ಕಣ್ಣನ್ನೇ ಹಾಳುಮಾಡಬಲ್ಲದು. ಕ್ಲಮೈಡಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ತರುವ ಟ್ರಕೋಮಾ ಒಂದು ಕಾಲಕ್ಕೆ ಭಾರತದಲ್ಲಿ ಕುರುಡುತನಕ್ಕೆ ದೊಡ್ಡ ಕಾರಣವಾಗಿತ್ತು. ಪದೇ ಪದೇ ಸೋಂಕಾಗಿ ರೆಪ್ಪೆ ಒಳಕ್ಕೆ ಮಡಚಿಕೊಂಡು, ಕೂದಲು ಕಣ್ಣಿಗೆ ಉಜ್ಜುವುದು ಅದರ ಲಕ್ಷಣ. ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ದೃಢಪಡಿಸಿತು.

ಕಣ್ಣುಕುಟಿಕೆ ರೆಪ್ಪೆಗೂದಲಿನ ಬುಡದ ಗ್ರಂಥಿಯಲ್ಲಿ ಏಳುವ ಕೀವುಗುಳ್ಳೆ. ಕಾರಣ ಸಾಮಾನ್ಯವಾಗಿ ಸ್ಟೆಫಿಲೊಕಾಕಸ್. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಾವು ಕೊಟ್ಟರೆ ಇಳಿಯುತ್ತದೆ, ಹಿಸುಕಬಾರದು.

ನಿಜವಾಗಿ ಭಯಪಡಬೇಕಾದದ್ದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ತಗಲುವ ಸೋಂಕಿಗೆ. ಗದ್ದೆ ಕೊಯ್ಯುವಾಗ ಭತ್ತದ ಗರಿಯೋ ಕಬ್ಬಿನ ಎಲೆಯೋ ಕಣ್ಣಿಗೆ ತಾಗಿ ಸಣ್ಣ ಗೀರು ಬಿದ್ದರೆ, ಅದರ ಮೂಲಕ ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳು ಒಳಸೇರುತ್ತವೆ. ದಕ್ಷಿಣ ಭಾರತದ ಕಾರ್ನಿಯಾ ಹುಣ್ಣುಗಳಲ್ಲಿ ಶಿಲೀಂಧ್ರದ ಪಾಲು ದೊಡ್ಡದು, ಅದಕ್ಕೆ ಬಲಿಯಾಗುವವರು ಹೆಚ್ಚಾಗಿ ರೈತರು ಮತ್ತು ಕೂಲಿಕಾರರು. ಗೀರು ಬಿದ್ದ ಕಣ್ಣಿಗೆ ಎದೆಹಾಲು, ಸೊಪ್ಪಿನ ರಸ ಹಿಂಡುವುದರಿಂದ ಹೊಸ ರೋಗಾಣುಗಳು ಸೇರಬಹುದು. ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಗಳು ಇನ್ನೂ ಅಪಾಯಕಾರಿ. ಕೆಂಪು ತಕ್ಷಣ ಇಳಿದು ಸಮಾಧಾನವಾಗುತ್ತದೆ, ಅಷ್ಟರಲ್ಲಿ ಕಣ್ಣಿನ ರಕ್ಷಣಾಶಕ್ತಿ ಕುಂದಿ ಶಿಲೀಂಧ್ರ ಆಳಕ್ಕೆ ಇಳಿದಿರುತ್ತದೆ. ಹರ್ಪಿಸ್ ವೈರಸ್ಸಿನ ಹುಣ್ಣೂ ಸ್ಟೀರಾಯ್ಡ್‌ನಿಂದ ಹೀಗೆಯೇ ಉಲ್ಬಣಿಸಬಹುದು. ಪೇಟೆಯಲ್ಲಿ ಕಾಂಟ್ಯಾಕ್ಟ್ ಲೆನ್ಸನ್ನು ನಲ್ಲಿ ನೀರಲ್ಲಿ ತೊಳೆಯುವವರಿಗೆ ಅಕಾಂತಮೀಬಾ ಎಂಬ ಏಕಕೋಶ ಜೀವಿಯ ಕಾಟ. ಅದರ ನೋವು ವಿಪರೀತ.

ಬೆಳಕು ನೋಡಲಾಗದಷ್ಟು ನೋವು, ಮಂಜಾದ ದೃಷ್ಟಿ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಅವರು ಹುಣ್ಣನ್ನು ಕೊಂಚ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಶಿಲೀಂಧ್ರವಾದರೆ ನಾಟಮೈಸಿನ್ ಹನಿಗಳನ್ನು ವಾರಗಟ್ಟಲೆ ಹಾಕಬೇಕಾಗುತ್ತದೆ. ಹುಣ್ಣು ಮಾಗಿದ ಮೇಲೂ ಕಣ್ಣಿನ ನಡುವೆ ಬಿಳಿ ಕಲೆ, ಜನ ಹೇಳುವ ‘ಹೂವು’, ಉಳಿದು ದೃಷ್ಟಿಗೆ ಅಡ್ಡವಾದರೆ, ದಾನಿಯೊಬ್ಬರ ಕಣ್ಣಿನಿಂದ ಪಡೆದ ಕಾರ್ನಿಯಾವನ್ನು ಕಸಿ ಮಾಡಬೇಕಾಗಬಹುದು.