ಸಣ್ಣ ಜ್ವರವೆಂದು ಸುಮ್ಮನಿರಬೇಡಿ

ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ಹಾಲಿನ ಪಾತ್ರೆ ಇಳಿಸಲು ಎರಡೂ ಕೈ ಬೇಕು. ಶಿವಮೊಗ್ಗದ ಸವಳಂಗ ರಸ್ತೆಯ ಆಸ್ಪತ್ರೆಗಳಿಗೆ ಭದ್ರಾವತಿ, ಶಿಕಾರಿಪುರ, ಹೊನ್ನಾಳಿ ಕಡೆಯಿಂದ ಬರುವ ಸಂಧಿವಾತದ ರೋಗಿಗಳ ಗೋಳು ಇದು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಒಳಗೆ ಮಡಿಚಿ ಮಾಸಿದ ಚೀಟಿ, ಅರ್ಧ ಖಾಲಿಯಾದ ಮಾತ್ರೆ ಶೀಟು. ‘ನೋವಿನ ಮಾತ್ರೆ’ ಎಂದಷ್ಟೇ ಹಲವರು ಅದನ್ನು ಬಲ್ಲರು. ಅದು ಸ್ಟಿರಾಯ್ಡ್ ಆಗಿರಬಹುದು.

ರುಮಟಾಯ್ಡ್ ಸಂಧಿವಾತ, ಲೂಪಸ್‌ನಂಥ ಕಾಯಿಲೆಗಳಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನಮ್ಮ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ತಿರುಗಿಬೀಳುತ್ತದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ರುಮಟಾಯ್ಡ್ ಸಂಧಿವಾತವಿದ್ದ ಒಬ್ಬ ಮಹಿಳೆಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು. ನಡೆಯಲಾಗದೆ ನರಳುತ್ತಿದ್ದವರು ಕೆಲವೇ ದಿನಗಳಲ್ಲಿ ಓಡಾಡಿದರು. 1950ರಲ್ಲಿ ಹೆಂಚ್‌ಗೆ ನೊಬೆಲ್ ಬಂತು. ಆದರೆ ಈ ಸ್ಟಿರಾಯ್ಡ್ ಕೀಲಿನ ಉರಿ ತಣಿಸುವಾಗ ದೇಹದ ಕಾವಲನ್ನೂ ಸಡಿಲಿಸುತ್ತದೆ. ಆಗ ನ್ಯುಮೋನಿಯಾ, ಮೂತ್ರದ ಸೋಂಕು, ಚರ್ಮದ ಕೀವು, ಕ್ಷಯ ಸುಲಭವಾಗಿ ಒಳನುಗ್ಗುತ್ತವೆ.

ಇನ್ನೂ ದೊಡ್ಡ ಅಪಾಯವೊಂದಿದೆ. ಸ್ಟಿರಾಯ್ಡ್ ಜ್ವರವನ್ನೇ ಮರೆಮಾಚುತ್ತದೆ. ಮೈ ಅಷ್ಟೇನೂ ಸುಡುತ್ತಿಲ್ಲ ಎಂದು ಮನೆಯವರು ಕಷಾಯ ಕುಡಿಸಿ ಕಾಯುತ್ತಾರೆ. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಸೇರಿರುತ್ತದೆ. ಒಂದೇ ಮಂಡಿ ಕೆಂಪಾಗಿ ಊದಿಕೊಂಡರೆ ‘ಹಳೇ ವಾತ’ ಎನ್ನುತ್ತೇವೆ. ಒಳಗೆ ಕೀವು ತುಂಬಿರಬಹುದು.

ಗದ್ದೆಯ ಕೆಸರಿನಲ್ಲಿ ಕೆಲಸ ಮಾಡುವವರು ಮಳೆಗಾಲದಲ್ಲಿ ಇನ್ನೂ ಎಚ್ಚರವಾಗಿರಬೇಕು. ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ನಮ್ಮ ಕರಾವಳಿಯಲ್ಲಿದೆ. ಮಣಿಪಾಲದ ವೈದ್ಯರು ಹಲವು ವರ್ಷಗಳಿಂದ ಅದಕ್ಕೆ ಚಿಕಿತ್ಸೆ ಕೊಡುತ್ತಿದ್ದಾರೆ. ಸಕ್ಕರೆ ಕಾಯಿಲೆಯವರನ್ನೂ ಸ್ಟಿರಾಯ್ಡ್ ನುಂಗುವವರನ್ನೂ ಅದು ಹೆಚ್ಚು ಕಾಡುತ್ತದೆ. ನೋಡಲು ಎಷ್ಟೋ ಸಲ ಕ್ಷಯದಂತೆಯೇ ಇರುತ್ತದೆ.

ಇದನ್ನೋದಿ ಹೆದರಿ ಮಾತ್ರೆ ನಿಲ್ಲಿಸಬೇಡಿ. ಬಹಳ ದಿನ ತೆಗೆದುಕೊಂಡ ಸ್ಟಿರಾಯ್ಡನ್ನು ಏಕಾಏಕಿ ಬಿಟ್ಟರೆ ಜೀವಕ್ಕೇ ಸಂಚಕಾರ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಔಷಧ. ಮರೆತು ದಿನಾ ನುಂಗಿದರೆ ರಕ್ತಕಣಗಳೇ ಕುಸಿಯುತ್ತವೆ. ಇದೇ ಕಾಯಿಲೆಗೆ ಕೊಡುವ ಬಯಾಲಜಿಕ್ ಇಂಜೆಕ್ಷನ್ ಶುರು ಮಾಡುವ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ನ್ಯುಮೋನಿಯಾ, ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

ನೀವು ನುಂಗುವ ಮಾತ್ರೆಗಳ ಹೆಸರು ಬರೆದ ಚೀಟಿಯೊಂದು ಸದಾ ಜೇಬಿನಲ್ಲೋ ಪರ್ಸಿನಲ್ಲೋ ಇರಲಿ. ಚಳಿ, ಉಬ್ಬಸ, ವಿಪರೀತ ಸುಸ್ತು ಕಂಡ ದಿನವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಾಗಲಿ, ಹತ್ತಿರದ ಬೇರೆ ಆಸ್ಪತ್ರೆಗಾಗಲಿ ಹೋಗಿ ಆ ಚೀಟಿ ತೋರಿಸಿ. ನಾಳೆ ನೋಡೋಣ ಎನ್ನಬೇಡಿ.